ಐದು ಪರ್ಸೆಂಟ್ ಎಳೆ ಕಲಿಸಿದ ಪಾಠ

ನವಿ ಮುಂಬೈನ ನಮ್ಮ ಕಚೇರಿಯಲ್ಲಿ ನನ್ನ ಮೇಜಿನ ಡ್ರಾಯರ್ ತೆರೆದರೆ ಒಂದು ಪುಟ್ಟ ಕತ್ತರಿ, ಎಳೆ ಎಣಿಸುವ ಭೂತಗನ್ನಡಿ, ಅಕ್ಕಸಾಲಿಗರ ಅಂಗಡಿಯಲ್ಲಿ ಇರುವಂಥ ಒಂದು ಚಿಕ್ಕ ತೂಕದ ಯಂತ್ರ ಸಿಗುತ್ತವೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಇದನ್ನು ನೋಡಿ ನಗುತ್ತಾರೆ. 'ಸರ್, ನಾವು ಕಸ್ಟಮ್ಸ್ ಬ್ರೋಕರ್ ಆಫೀಸಿನಲ್ಲಿದ್ದೇವೋ, ದರ್ಜಿ ಅಂಗಡಿಯಲ್ಲೋ?' ಎಂದು ಕೇಳಿದವರೂ ಇದ್ದಾರೆ. ನಾನೂ ನಗುತ್ತೇನೆ. ಆದರೆ ಆ ಮೂರು ಸಾಮಾನು ಡ್ರಾಯರಿಗೆ ಬಂದದ್ದು ನಗುವಂಥ ಸಂದರ್ಭದಲ್ಲಿ ಅಲ್ಲ.

ನಾನು ಇಳಕಲ್ ಕಡೆಯವನು. ಮನೆಯಲ್ಲಿ ಮಗ್ಗದ ಸದ್ದು ಕೇಳುತ್ತಲೇ ಬೆಳೆದವನು. ಬಿ.ಕಾಂ. ಮುಗಿಸಿ ಮುಂಬೈಗೆ ಬಂದು, ನ್ಹಾವಾ ಶೇವಾ ಬಂದರಿನ ಸರಕು ಬಿಡಿಸುವ ಕೆಲಸಕ್ಕೆ ಸೇರಿದೆ. ಮೊದಲು ಎಚ್ ಕಾರ್ಡು, ಆಮೇಲೆ ಪರೀಕ್ಷೆ ಪಾಸು ಮಾಡಿ ಜಿ ಕಾರ್ಡು. ನಮ್ಮ ಕೆಲಸ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ವಿದೇಶದಿಂದ ಬಂದ ಸರಕು ಏನು, ಅದು ಸುಂಕದ ಪಟ್ಟಿಯ ಯಾವ ಸಾಲಿಗೆ ಸೇರುತ್ತದೆ, ಎಷ್ಟು ಸುಂಕ ಎಂದು ಆಮದುದಾರನ ಪರವಾಗಿ ಬಿಲ್ ಆಫ್ ಎಂಟ್ರಿ ಬರೆದು ಸಲ್ಲಿಸುವುದು ನಮ್ಮ ಕಸುಬು. ಕಬ್ಬಿಣ, ಕಾಗದ, ಔಷಧಿ ಎಲ್ಲವೂ ಬರುತ್ತವೆ. ಆದರೆ ಎಲ್ಲಕ್ಕಿಂತ ಹೆಚ್ಚು ತಲೆ ತಿನ್ನುವ ಸರಕು ಯಾವುದು ಎಂದು ಕೇಳಿದರೆ ನಮ್ಮವರು ಒಂದೇ ಮಾತು ಹೇಳುತ್ತಾರೆ: ಬಟ್ಟೆ. ಅದರಲ್ಲೂ ಬೆರಕೆ ಬಟ್ಟೆ.

ಬೆಳಗಾವಿ ಅಣ್ಣನ ಕಂಟೇನರ್

ಕೆಲವು ವರ್ಷಗಳ ಹಿಂದಿನ ಮಾತು. ಠಾಣೆಯಲ್ಲಿ ಸಿದ್ಧ ಉಡುಪಿನ ಸಣ್ಣ ವ್ಯಾಪಾರ ಇಟ್ಟುಕೊಂಡಿದ್ದ ಬೆಳಗಾವಿ ಕಡೆಯ ಹಿರಿಯರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಕನ್ನಡದ ಹುಡುಗ ಇದ್ದಾನೆ ಎಂದು ಯಾರೋ ಹೇಳಿದ್ದರಂತೆ. ಅಲ್ಲಿಯವರೆಗೆ ಸಗಟು ವ್ಯಾಪಾರಿಗಳಿಂದ ಕೊಂಡು ಮಾರುತ್ತಿದ್ದ ಅವರು ಅದೇ ಮೊದಲ ಸಲ ಚೀನಾದಿಂದ ನೇರವಾಗಿ ಹೆಂಗಸರ ಡ್ರೆಸ್ ತರಿಸಿದ್ದರು. ದೀಪಾವಳಿಗೆ ಮೂರು ವಾರ ಇತ್ತು. ಮನೆಯ ಉಳಿತಾಯವೆಲ್ಲ ಆ ಒಂದು ಕಂಟೇನರಿನಲ್ಲಿತ್ತು.

ಇನ್‌ವಾಯ್ಸ್‌ನಲ್ಲಿ 'ಲೇಡೀಸ್ ಕಾಟನ್ ಡ್ರೆಸ್' ಎಂದಿತ್ತು. ಬಟ್ಟೆಯ ಬೆರಕೆ ಏನೆಂದು ಫೋನಿನಲ್ಲಿ ಕೇಳಿದೆ. ಹತ್ತಿ 48, ಪಾಲಿಯೆಸ್ಟರ್ 47, ಹಿಗ್ಗುವ ಎಳೆ 5 ಎಂದು ಅವರು ಮಾರಾಟಗಾರನಿಂದ ಕೇಳಿ ಹೇಳಿದರು. ಹತ್ತಿಯೇ ಎಲ್ಲಕ್ಕಿಂತ ಹೆಚ್ಚು ಅಲ್ಲವೇ? ನಾನು ಹಿಂದೆ ಮುಂದೆ ನೋಡಲಿಲ್ಲ. ಇನ್‌ವಾಯ್ಸ್‌ನಲ್ಲಿದ್ದ ಹಾಗೆಯೇ 'ಕಾಟನ್ ಡ್ರೆಸ್' ಎಂದು ವರ್ಣನೆ ಬರೆದೆ; ಹತ್ತಿಯ ಡ್ರೆಸ್ಸಿನ ಸಾಲು 6204 42 ಹಾಕಿದೆ; ಸಲ್ಲಿಸಿಬಿಟ್ಟೆ.

ಪರಿಶೀಲನೆಗೆ ಪೆಟ್ಟಿಗೆ ತೆರೆದ ಅಧಿಕಾರಿ ಡ್ರೆಸ್ಸಿನ ಒಳಗೆ ಹೊಲಿದಿದ್ದ ಲೇಬಲ್ ಓದಿದರು. ನನ್ನ ಕಡೆ ನೋಡಿ, 'ಇದು ಹತ್ತಿ ಅಲ್ಲ' ಎಂದರು.

ಪಟ್ಟಿಗೆ ಅದರದೇ ತರ್ಕ

ಅವರು ಹೇಳಿದ್ದು ಸರಿ. ಯಾಕೆ ಸರಿ ಎಂದು ತಿಳಿಯಬೇಕಾದರೆ ಸುಂಕದ ಪಟ್ಟಿ ಹೇಗೆ ಯೋಚಿಸುತ್ತದೆ ಎಂದು ಸ್ವಲ್ಪ ನೋಡಬೇಕು.

ಬ್ರಸೆಲ್ಸ್‌ನಲ್ಲಿರುವ ವಿಶ್ವ ಸುಂಕ ಸಂಸ್ಥೆಯ ಹಾರ್ಮೊನೈಸ್ಡ್ ಸಿಸ್ಟಂ 1988ರಿಂದ ಜಾರಿಯಲ್ಲಿದೆ. ಸರಕಿನ ಮೊದಲ 6 ಅಂಕಿ ಅದನ್ನು ಒಪ್ಪಿದ ದೇಶಗಳಲ್ಲೆಲ್ಲ ಒಂದೇ. ನಮ್ಮ 1975ರ ಕಸ್ಟಮ್ಸ್ ಟ್ಯಾರಿಫ್ ಕಾಯಿದೆಯ ಪಟ್ಟಿ ಅದಕ್ಕೆ ಇನ್ನೆರಡು ಅಂಕಿ ಸೇರಿಸಿ 8 ಮಾಡಿಕೊಂಡಿದೆ. ಜವಳಿಯದೆಲ್ಲ ಹನ್ನೊಂದನೆಯ ವಿಭಾಗ. ಅಧ್ಯಾಯ 50ರಿಂದ 63. ರೇಷ್ಮೆ 50, ಉಣ್ಣೆ 51, ಹತ್ತಿ 52, ಸೆಣಬು ಮತ್ತಿತರ ನಾರು 53. ಮನುಷ್ಯ ತಯಾರಿಸಿದ ಎಳೆಗಳಲ್ಲಿ ಉದ್ದನೆಯ ಅಖಂಡ ಎಳೆ 54, ತುಂಡು ನಾರು 55. ಸಿದ್ಧ ಉಡುಪು ಹೆಣಿಗೆಯ ಬಟ್ಟೆಯದಾದರೆ 61, ನೇಯ್ಗೆಯ ಬಟ್ಟೆಯದಾದರೆ 62. ಟೀ ಶರ್ಟ್ ಹೆಣಿಗೆ, ಆಫೀಸಿಗೆ ಹಾಕುವ ಅಂಗಿ ನೇಯ್ಗೆ ಎಂದು ನೆನಪಿಟ್ಟರೆ ಸಾಕು.

ಬೆರಕೆ ಬಂದಾಗ ನಿಯಮ ಸರಳವಾಗಿ ಕಾಣುತ್ತದೆ: ತೂಕದಲ್ಲಿ ಯಾವುದು ಹೆಚ್ಚೋ, ಬಟ್ಟೆ ಪೂರ್ತಿ ಅದರದೇ ಎಂದು ತಿಳಿಯಬೇಕು. ಎರಡು ಸಮ ಬಂದರೆ ಪಟ್ಟಿಯಲ್ಲಿ ಕೊನೆಗೆ ಬರುವುದು ಗೆಲ್ಲುತ್ತದೆ. ಇಷ್ಟನ್ನೇ ನಾನು ನೆನಪಿಟ್ಟುಕೊಂಡಿದ್ದೆ. ಅದರ ಕೆಳಗಿನ ಇನ್ನೊಂದು ಸಾಲು ಮರೆತಿದ್ದೆ: 54 ಮತ್ತು 55 ಎರಡೂ ಬೇರೊಂದು ಅಧ್ಯಾಯಕ್ಕೆ ಎದುರಾದಾಗ ಅವೆರಡನ್ನೂ ಒಂದೇ ಅಧ್ಯಾಯವೆಂದು ಎಣಿಸಬೇಕು.

ಈಗ ಲೆಕ್ಕ ಹಾಕಿ. ಪಾಲಿಯೆಸ್ಟರ್ 47, ಹಿಗ್ಗುವ ಎಳೆ, ಅಂದರೆ ನಾವೆಲ್ಲ ಲೈಕ್ರಾ ಎಂದು ಕರೆಯುವುದು, 5. ಎರಡೂ ಮನುಷ್ಯ ತಯಾರಿಸಿದವು. ಒಟ್ಟು 52. ಹತ್ತಿ 48. ಹತ್ತಿ ಸೋತಿತು. ಡ್ರೆಸ್ಸು 6204 42 ಅಲ್ಲ, ಸಿಂಥೆಟಿಕ್ ಎಳೆಯ 6204 43. ಡ್ರೆಸ್ಸು ಮೈಗೆ ಅಂಟಿ ಕೂರಲಿ ಎಂದು ಸೇರಿಸಿದ ಐದು ಪರ್ಸೆಂಟ್ ಎಳೆ ಇಡೀ ಕಂಟೇನರಿನ ಹೆಸರನ್ನೇ ಬದಲಿಸಿತ್ತು.

ಎರಡಕ್ಕೂ ಶೇಕಡಾವಾರು ಸುಂಕ ಒಂದೇ ಆದರೆ ಏನು ತೊಂದರೆ ಎಂದು ನೀವು ಕೇಳಬಹುದು. ಸಿದ್ಧ ಉಡುಪಿನ ಮೂಲ ಸುಂಕವನ್ನು 2018ರಲ್ಲಿ ಹಲವು ಸಾಲುಗಳಲ್ಲಿ ಶೇ 20ಕ್ಕೆ ಏರಿಸಿದರು. ಆದರೆ ಅನೇಕ ಸಾಲುಗಳಲ್ಲಿ 'ಇಷ್ಟು ಪರ್ಸೆಂಟ್, ಇಲ್ಲವೇ ಪ್ರತಿ ನಗಕ್ಕೆ ಇಷ್ಟು ರೂಪಾಯಿ, ಯಾವುದು ಹೆಚ್ಚೋ ಅದು' ಎಂದಿರುತ್ತದೆ. ಆ ರೂಪಾಯಿಯ ಮೊತ್ತ ಸಾಲಿನಿಂದ ಸಾಲಿಗೆ ಬೇರೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. 300 ರೂಪಾಯಿ ಬೆಲೆಯ ಉಡುಪಿಗೆ ಶೇ 20 ಎಂದರೆ 60 ರೂಪಾಯಿ. ಆ ಸಾಲಿನಲ್ಲಿ ನಗಕ್ಕೆ 100 ರೂಪಾಯಿ ಎಂದಿದ್ದರೆ ಕಟ್ಟಬೇಕಾದ್ದು 100. ಅಗ್ಗದ ಬಟ್ಟೆ ತರಿಸುವ ಸಣ್ಣ ವ್ಯಾಪಾರಿಗೆ ಈ ಹೊಡೆತ ಜೋರು. ದುಬಾರಿ ಬಟ್ಟೆ ತರಿಸುವವನಿಗೆ ಗೊತ್ತೇ ಆಗುವುದಿಲ್ಲ. ಅದರ ಮೇಲೆ ಸಮಾಜ ಕಲ್ಯಾಣ ಸರ್ಚಾರ್ಜ್, ಅದರ ಮೇಲೆ ಐಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ನಗಕ್ಕೆ 2,500 ರೂಪಾಯಿವರೆಗಿನ ಉಡುಪಿಗೆ ಶೇ 5, ಅದನ್ನು ಮೀರಿದರೆ ಶೇ 18.

ಹನ್ನೊಂದು ದಿನ

ಅಣ್ಣನ ವಿಷಯದಲ್ಲಿ ಸುಂಕದ ವ್ಯತ್ಯಾಸ ಅಂಥ ದೊಡ್ಡದೇನೂ ಇರಲಿಲ್ಲ. ದೊಡ್ಡದಾಗಿದ್ದು ಬೇರೆ. ಕಾಗದದಲ್ಲಿ 'ಕಾಟನ್' ಎಂದಿದೆ, ಸರಕಿನ ಮೇಲೆ ಬೇರೆ ಇದೆ. ಅಂದರೆ ವರ್ಣನೆಯೇ ತಪ್ಪು. ಇಂಥಲ್ಲಿ 1962ರ ಕಸ್ಟಮ್ಸ್ ಕಾಯಿದೆಯ 111ನೆಯ ಸೆಕ್ಷನ್ ಎದುರಿಗೆ ಬಂದು ನಿಲ್ಲುತ್ತದೆ: ಹೇಳಿದ್ದಕ್ಕೂ ಸರಕಿಗೂ ತಾಳೆಯಾಗದಿದ್ದರೆ ಮುಟ್ಟುಗೋಲು. ಬಿಡಿಸಿಕೊಳ್ಳಲು ದಂಡ. ನಮೂನೆ ಪ್ರಯೋಗಾಲಯಕ್ಕೆ ಹೋಯಿತು. ಪ್ರಶ್ನೆ, ಉತ್ತರ, ಮತ್ತೆ ಪ್ರಶ್ನೆ. ಹನ್ನೊಂದು ದಿನ ಕಂಟೇನರ್ ಅಲ್ಲೇ ನಿಂತಿತು. ಬಾಡಿಗೆ ದಿನದಿನಕ್ಕೂ ಏರುತ್ತಿತ್ತು.

ಅಣ್ಣ ದಿನಾ ಸಂಜೆ ಫೋನ್ ಮಾಡುತ್ತಿದ್ದರು. ಬೈಯಲಿಲ್ಲ. 'ಇವತ್ತ ಏನಾತ್ರಿ?' ಎಂದಷ್ಟೇ ಕೇಳುತ್ತಿದ್ದರು. ಅದೇ ನನಗೆ ಹೆಚ್ಚು ಚುಚ್ಚುತ್ತಿತ್ತು. ಪ್ರಯೋಗಾಲಯದ ವರದಿ ಲೇಬಲ್ಲಿನಲ್ಲಿದ್ದುದನ್ನೇ ಹೇಳಿತು. ವ್ಯತ್ಯಾಸದ ಸುಂಕ, ಬಡ್ಡಿ, ದಂಡ ಕಟ್ಟಿ ಸರಕು ಬಿಡಿಸಿಕೊಂಡೆವು. ಅಂಗಡಿಗೆ ತಲುಪುವಷ್ಟರಲ್ಲಿ ಹಬ್ಬಕ್ಕೆ ಮೂರೇ ದಿನ. ಅರ್ಧಕ್ಕಿಂತ ಹೆಚ್ಚು ಮಾಲು ಉಳಿಯಿತು. ಅದನ್ನು ಸಂಕ್ರಾಂತಿಯವರೆಗೆ ರಿಯಾಯಿತಿಯಲ್ಲಿ ಮಾರಬೇಕಾಯಿತು.

ನನ್ನ ತಪ್ಪು ಎರಡು. ನಿಯಮದ ಅರ್ಧವನ್ನು ಮರೆತದ್ದು ಒಂದು. ಎರಡನೆಯದು ಅದಕ್ಕಿಂತ ದೊಡ್ಡದು: ಬೆರಕೆ ಗೊತ್ತಿದ್ದೂ ಅದನ್ನು ಕಾಗದದಲ್ಲಿ ಬರೆಯದಿದ್ದದ್ದು.

ಅಭಿಪ್ರಾಯ ಬೇರೆ, ವರ್ಣನೆ ಬೇರೆ

ಈ ಎರಡರ ನಡುವಿನ ಅಂತರವನ್ನು ಸುಪ್ರೀಂ ಕೋರ್ಟ್ 1998ರಲ್ಲಿ ನಾರ್ದರ್ನ್ ಪ್ಲಾಸ್ಟಿಕ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಸರಕನ್ನು ಇದ್ದಂತೆ ವರ್ಣಿಸಿ, ಇದು ಇಂಥ ಸಾಲಿಗೆ ಸೇರುತ್ತದೆ, ಇಂಥ ರಿಯಾಯಿತಿ ಸಿಗಬೇಕು ಎಂದು ಆಮದುದಾರ ಕೇಳಿದರೆ ಅದು ಅವನ ನಂಬಿಕೆ. ಆ ನಂಬಿಕೆ ತಪ್ಪಾಗಿರಬಹುದು, ಅಧಿಕಾರಿ ಒಪ್ಪದಿರಬಹುದು; ಆದರೆ ಅದನ್ನೇ ತಪ್ಪು ಘೋಷಣೆ ಎನ್ನಲಾಗದು. ಇದು ತೀರ್ಪಿನ ತಿರುಳು.

ಅಂದರೆ ನಾನು 'ಹೆಂಗಸರ ನೇಯ್ಗೆ ಡ್ರೆಸ್, ಹತ್ತಿ 48, ಪಾಲಿಯೆಸ್ಟರ್ 47, ಎಲಾಸ್ಟೇನ್ 5' ಎಂದು ಪೂರ್ತಿ ಬರೆದು, ಸಾಲು ಮಾತ್ರ ತಪ್ಪು ಹಾಕಿದ್ದರೆ, 'ಸ್ವಾಮಿ, ಲೆಕ್ಕ ತಪ್ಪಿತು, ವ್ಯತ್ಯಾಸ ಕಟ್ಟುತ್ತೇವೆ' ಎಂದು ಹೇಳುವ ನೈತಿಕ ಬಲವಾದರೂ ಇರುತ್ತಿತ್ತು. 'ಕಾಟನ್ ಡ್ರೆಸ್' ಎಂಬ ಎರಡು ಪದ ಅದನ್ನು ಕಿತ್ತುಕೊಂಡವು. 2011ರಿಂದ ಸ್ವಯಂ ಮೌಲ್ಯಮಾಪನ ಬಂದ ಮೇಲಂತೂ ಹೊಣೆ ಪೂರ್ತಿ ಆಮದುದಾರನದು. ಬಿಲ್ ಆಫ್ ಎಂಟ್ರಿಯ ವಿವರ ನಿಖರವೂ ಪೂರ್ಣವೂ ಆಗಿರಬೇಕೆಂದು ಕಾಯಿದೆಯೇ ಹೇಳುತ್ತದೆ. ಕಡಿಮೆ ಕಟ್ಟಿದ ಸುಂಕಕ್ಕೆ ಸಾಮಾನ್ಯವಾಗಿ 2 ವರ್ಷದೊಳಗೆ ನೋಟಿಸು. ಬೇಕೆಂತಲೇ ಮುಚ್ಚಿಟ್ಟಿದ್ದಾರೆ ಎಂದಾದರೆ 5 ವರ್ಷದವರೆಗೆ.

ಮುಖರಹಿತ ಮೌಲ್ಯಮಾಪನ ಬಂದ ಮೇಲೆ ಈ ಮಾತಿಗೆ ಇನ್ನೂ ತೂಕ ಬಂದಿದೆ. 2020ರ ಜೂನ್‌ನಲ್ಲಿ ಅದು ಮೊದಲು ಶುರುವಾದದ್ದು ನಮ್ಮ ಬೆಂಗಳೂರು ಮತ್ತು ಚೆನ್ನೈನಲ್ಲಿ. ಈಗ ನ್ಹಾವಾ ಶೇವಾದಲ್ಲಿ ಇಳಿದ ಸರಕಿನ ಕಾಗದವನ್ನು ಇನ್ಯಾವುದೋ ಊರಿನ ಅಧಿಕಾರಿ ನೋಡಬಹುದು. ಅವರ ಕೈಯಲ್ಲಿ ಬಟ್ಟೆ ಇರುವುದಿಲ್ಲ. ನಾವು ಬರೆದ ಸಾಲಷ್ಟೇ ಅವರಿಗೆ ಬಟ್ಟೆ.

ಅಜ್ಜನ ಕಡ್ಡಿಪೆಟ್ಟಿಗೆ

ಆ ಸಲ ಊರಿಗೆ ಹೋದಾಗ ಅಜ್ಜನ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ಅವರು ಒಂದು ಎಳೆ ಕಿತ್ತು ಕಡ್ಡಿ ಗೀರಿ ತೋರಿಸಿದರು. ಹತ್ತಿ ಸುಟ್ಟರೆ ಕಾಗದದ ವಾಸನೆ, ರೇಷ್ಮೆ ಸುಟ್ಟರೆ ಕೂದಲಿನ ವಾಸನೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. 'ಇಷ್ಟು ಗೊತ್ತಿದ್ದರ ಸಾಕಿತ್ತಲ್ಲೋ' ಎಂದರು.

ಸಾಕಾಗುತ್ತಿರಲಿಲ್ಲ. ವಿಸ್ಕೋಸ್ ರೇಯಾನ್ ಸುಟ್ಟರೂ ಕಾಗದದ ವಾಸನೆಯೇ, ಯಾಕೆಂದರೆ ಅದು ಮರದ ತಿರುಳಿನಿಂದ ಆದದ್ದು. ಹರಿಹರದ ಬಳಿ ತುಂಗಭದ್ರೆಯ ದಂಡೆಯಲ್ಲಿ ಇಂಥ ನಾರು ತಯಾರಾಗುತ್ತದೆ. ಮರದಿಂದ ಬಂದರೂ ಸುಂಕದ ಪಟ್ಟಿಗೆ ಅದು ಪ್ರಕೃತಿಯದಲ್ಲ. ಮನುಷ್ಯ ತಯಾರಿಸಿದ ಕೃತಕ ನಾರು. ಬಿದಿರಿನ ಬಟ್ಟೆ ಎಂದು ಮಾರುವ ವಿಸ್ಕೋಸ್ ಕೂಡ ಅದೇ ಗುಂಪಿಗೆ. ಹತ್ತಿಯನ್ನೂ ವಿಸ್ಕೋಸನ್ನೂ ಬೇರೆ ಮಾಡಿ ಹೇಳಲು ಸೂಕ್ಷ್ಮದರ್ಶಕ ಬೇಕು. ಹತ್ತಿಯ ನಾರು ತಿರುಚಿದ ರಿಬ್ಬನ್ನಿನಂತೆ ಕಾಣುತ್ತದೆ, ವಿಸ್ಕೋಸಿನ ಮೇಲೆ ಉದ್ದುದ್ದ ಗೆರೆ. ಎಷ್ಟಿದೆ ಎಂದು ತಿಳಿಯಲು ಕರಗಿಸಿ ತೂಗುತ್ತಾರೆ: ಪ್ರಬಲ ಗಂಧಕಾಮ್ಲದಲ್ಲಿ ಹತ್ತಿ ಕರಗುತ್ತದೆ, ಪಾಲಿಯೆಸ್ಟರ್ ಉಳಿಯುತ್ತದೆ. ಉಳಿದದ್ದನ್ನು ತೂಗಿದರೆ ಲೆಕ್ಕ ಸಿಕ್ಕಿತು. ಮುಂಬೈನ ಜವಳಿ ಸಮಿತಿಯ ಪ್ರಯೋಗಾಲಯದಂಥ ಕಡೆ ಮಾಡುವ ಕೆಲಸ ಇದೇ.

ನಮ್ಮ ಇಳಕಲ್ ಸೀರೆಯನ್ನೇ ನೋಡಿ. ಒಡಲು ಹತ್ತಿಯದು, ಅಂಚು–ಸೆರಗು ರೇಷ್ಮೆಯದು ಅಥವಾ ಆರ್ಟ್ ಸಿಲ್ಕಿನದು. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಉಡುವವರ ಕಣ್ಣು ಹೋಗುವುದು ಸೆರಗಿಗೆ. ತೂಕ ಇರುವುದು ಒಡಲಿನಲ್ಲಿ. ವ್ಯಾಪಾರದ ಹೆಸರು ಕಣ್ಣು ಹೋದ ಕಡೆ ಹೋಗುತ್ತದೆ, ಕಾನೂನು ತಕ್ಕಡಿಯ ಕಡೆ ನೋಡುತ್ತದೆ. ನೇಕಾರರ ಮನೆಯ ಹುಡುಗನಾಗಿ ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ತಕ್ಕಡಿಯೂ ಸಾಲದ ಕಡೆ

ಎಲ್ಲವೂ ತೂಕದಿಂದಲೇ ತೀರ್ಮಾನವಾಗುವುದಿಲ್ಲ. ಒಂದೇ ಬಟ್ಟೆಯೊಳಗೆ ಎಳೆಗಳು ಬೆರೆತಿದ್ದರೆ ತೂಕ ಸರಿ. ಉಡುಪಿನ ಬೇರೆ ಬೇರೆ ಭಾಗಗಳೇ ಬೇರೆ ಬೇರೆ ಬಟ್ಟೆಯಾದರೆ? ಮೈ ಹೆಣಿಗೆಯದು, ತೋಳು ನೇಯ್ಗೆಯದು. ಇಲ್ಲವೇ ಕಾಲೇಜು ಹುಡುಗರ ಜಾಕೆಟ್ಟಿನಂತೆ ಮೈ ಉಣ್ಣೆಯದು, ತೋಳು ರೆಕ್ಸಿನ್‌ನದು. ಆಗ ಉಡುಪಿಗೆ ಅದರ ಮೂಲ ಗುಣ ಕೊಡುವ ಭಾಗ ಯಾವುದು ಎಂದು ಕೇಳಬೇಕು. ಅದೂ ತಿಳಿಯದಿದ್ದರೆ ಸಂಖ್ಯೆಯಲ್ಲಿ ಕೊನೆಗೆ ಬರುವ ಸಾಲು. ಕಾಲರ್, ಅಂಚುಪಟ್ಟಿ, ಚರ್ಮದ ಚೂರು ಬರೀ ಅಲಂಕಾರವಾಗಿದ್ದರೆ ಅವು ಹೆಸರು ಬದಲಿಸುವುದಿಲ್ಲ.

ಮುಂಬೈನ ಮಳೆಗಾಲಕ್ಕೆ ಬೇಕಾದ ರೇನ್‌ಕೋಟನ್ನೇ ತೆಗೆದುಕೊಳ್ಳಿ. ಬರೀ ಪ್ಲಾಸ್ಟಿಕ್ ಹಾಳೆಯದಾದರೆ ಅದು ಜವಳಿಯೇ ಅಲ್ಲ, 39ನೆಯ ಅಧ್ಯಾಯದ ಪ್ಲಾಸ್ಟಿಕ್. ಪ್ಲಾಸ್ಟಿಕ್ ಲೇಪಿಸಿದ ನೇಯ್ಗೆ ಬಟ್ಟೆಯದಾದರೆ 6210. ಆದರೆ ಬಟ್ಟೆಗೆ ಲೇಪವಿದೆ ಎನ್ನಬೇಕಾದರೆ ಆ ಲೇಪ ಬರಿಗಣ್ಣಿಗೆ ಕಾಣಬೇಕು. ಬಣ್ಣ ಬದಲಾದದ್ದು ಲೆಕ್ಕಕ್ಕಿಲ್ಲ. ಇಷ್ಟೆಲ್ಲ ಯಂತ್ರವಿರುವ ಕಾಲದಲ್ಲೂ ಕಾನೂನು ಮನುಷ್ಯನ ಕಣ್ಣನ್ನು ನಂಬಿದೆ.

ಇನ್ನೂ ಕೆಲವು ಇವೆ. ಎಡಭಾಗ ಬಲದ ಮೇಲೆ ಬಂದು ಗುಂಡಿ ಬಿದ್ದರೆ ಗಂಡಸರ ಉಡುಪು, ಬಲಭಾಗ ಎಡದ ಮೇಲೆ ಬಂದರೆ ಹೆಂಗಸರದು. ಯಾರದೆಂದು ತಿಳಿಯದಿದ್ದರೆ ಹೆಂಗಸರ ಸಾಲಿಗೇ. ಹೆಣೆದ ಶರ್ಟಿಗೆ ಸೊಂಟದ ಕೆಳಗೆ ಜೇಬಿದ್ದರೆ ಅದು ಪಟ್ಟಿಯ ಲೆಕ್ಕದಲ್ಲಿ ಶರ್ಟೇ ಅಲ್ಲ. ಭೂತಗನ್ನಡಿ ಇಟ್ಟುಕೊಂಡದ್ದು ಇದೇ ಕಾರಣಕ್ಕೆ: ಅಂಥ ಶರ್ಟಿನಲ್ಲಿ ಒಂದು ಸೆಂಟಿಮೀಟರಿಗೆ ಸರಾಸರಿ 10 ಹೊಲಿಗೆಗಿಂತ ಕಡಿಮೆ ಇದ್ದರೂ ಅದು ಬೇರೆ ಸಾಲಿಗೆ ಹೋಗುತ್ತದೆ.

2025ರ ಮೇ ತಿಂಗಳಲ್ಲಿ ಬಾಂಗ್ಲಾದೇಶದ ಸಿದ್ಧ ಉಡುಪಿಗೆ ಭೂಗಡಿಯ ದಾರಿ ಮುಚ್ಚಿ, ನ್ಹಾವಾ ಶೇವಾ ಮತ್ತು ಕೋಲ್ಕತ್ತ ಬಂದರುಗಳನ್ನಷ್ಟೇ ಬಿಟ್ಟರು. ಸಾಫ್ಟಾ ಒಪ್ಪಂದದ ಸುಂಕ ರಿಯಾಯಿತಿ ಇದ್ದರೆ ಸಾಲಿನ ಚಿಂತೆ ಏಕೆ ಎಂದು ಕೆಲವರು ಕೇಳುತ್ತಾರೆ. ರಿಯಾಯಿತಿ ಬೇಕಾದರೆ ಸರಕು ಅಲ್ಲೇ ತಯಾರಾದದ್ದೆಂಬ ವಿವರ ಆಮದುದಾರನ ಕೈಯಲ್ಲಿರಬೇಕೆಂದು 2020ರ ನಿಯಮ ಹೇಳುತ್ತದೆ. ಆ ವಿವರ ನಿಲ್ಲುವುದೂ ಸರಿಯಾದ ಸಂಖ್ಯೆಯ ಮೇಲೆಯೇ.

ತರಿಸುವ ಮೊದಲು

ಪುಣೆ, ಹೈದರಾಬಾದ್, ಚೆನ್ನೈ ಕಡೆಯಿಂದ ನಮ್ಮವರು ಆಗಾಗ ಫೋನ್ ಮಾಡುತ್ತಾರೆ. ಕೆಲಸದ ಜೊತೆಗೆ ಪತ್ನಿಯ ಹೆಸರಿನಲ್ಲೊಂದು ಬಟ್ಟೆ ವ್ಯಾಪಾರ, ಆನ್‌ಲೈನ್ ಮಳಿಗೆ ಶುರುಮಾಡುವ ಆಸೆ ಹಲವರಿಗಿದೆ. ಅವರಿಗೆಲ್ಲ ನಾನು ಹೇಳುವುದು ಇಷ್ಟು.

ಹಣ ಕಳಿಸುವ ಮೊದಲು ಒಂದು ನಗ ಕೊರಿಯರ್‌ನಲ್ಲಿ ತರಿಸಿ. ಒಳಗಿನ ಲೇಬಲ್ ಓದಿ. ಅನುಮಾನ ಬಂದರೆ ಪ್ರಯೋಗಾಲಯಕ್ಕೆ ಕೊಡಿ. ಕಂಟೇನರಿನ ಒಂದು ದಿನದ ಬಾಡಿಗೆಯ ಮುಂದೆ ಅದರ ಖರ್ಚು ದೊಡ್ಡದಲ್ಲ. ಇನ್‌ವಾಯ್ಸ್‌ನಲ್ಲಿ ಹೆಣಿಗೆಯೋ ನೇಯ್ಗೆಯೋ, ಯಾರ ಉಡುಪು, ಯಾವ ಎಳೆ ಎಷ್ಟು ಪರ್ಸೆಂಟ್ ಎಂದು ಪೂರ್ತಿ ಬರೆಸಿ. ನಿಜವಾಗಿಯೂ ಗೊಂದಲವಿರುವ, ಮತ್ತೆ ಮತ್ತೆ ತರಿಸುವ ಮಾಲಾದರೆ ಮುಂಬೈ ಮತ್ತು ದೆಹಲಿಯಲ್ಲಿರುವ ಕಸ್ಟಮ್ಸ್ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಆಮದಿಗೆ ಮೊದಲೇ ಅರ್ಜಿ ಹಾಕಬಹುದು. ಸರಕು ಬಂದ ಮೇಲೆ ಪರೀಕ್ಷೆಗೆ ಹೋದರೆ, ಬಾಂಡ್ ಮತ್ತು ಭದ್ರತೆ ಕೊಟ್ಟು 18ನೆಯ ಸೆಕ್ಷನ್ನಿನಡಿ ತಾತ್ಕಾಲಿಕ ಮೌಲ್ಯಮಾಪನ ಕೇಳುವ ದಾರಿಯಿದೆ. ಅಣ್ಣನ ಕಂಟೇನರ್ ನಿಂತಾಗ ಮೊದಲ ದಿನವೇ ನಾನು ಕೇಳಬೇಕಿದ್ದುದು ಅದನ್ನೇ. ಗಾಬರಿಯಲ್ಲಿ ಹೊಳೆಯಲಿಲ್ಲ.

ಮುಖ್ಯವಾಗಿ, 'ಎಲ್ಲರೂ ಹೀಗೇ ಬರೆಯುತ್ತಾರೆ' ಎಂದು ಹೇಳುವ ಬ್ರೋಕರ್ ಸಿಕ್ಕರೆ, ಆತ ಕನ್ನಡದವನೇ ಆಗಿರಲಿ, ಎದ್ದು ಬನ್ನಿ.

ಅಣ್ಣ ಆಮೇಲೆ ನನ್ನನ್ನು ಬಿಟ್ಟು ಹೋಗುತ್ತಾರೆ ಎಂದುಕೊಂಡಿದ್ದೆ. ಹೋಗಲಿಲ್ಲ. ಸರಕು ಬಿಡಿಸಿದ ದಿನ ನಾನು ತಪ್ಪೊಪ್ಪಿಕೊಂಡಾಗ, 'ಲೇಬಲ್ಲ ನಾನೂ ಓದಿದ್ದಿಲ್ಲ ಬಿಡ್ರಿ. ಮುಂದಿನ ಸಲ ಇಬ್ರೂ ಓದೋಣ' ಎಂದರು. ನನ್ನ ಫೀ ಬೇಡವೆಂದೆ. ಕೇಳದೆ ಅರ್ಧ ಕೊಟ್ಟುಹೋದರು. ಆ ಹಣದಲ್ಲಿ ಕೊಂಡದ್ದೇ ಡ್ರಾಯರಿನಲ್ಲಿರುವ ಕತ್ತರಿ, ಭೂತಗನ್ನಡಿ, ತೂಕದ ಯಂತ್ರ.

ಈಗಲೂ ಅವರು ಹೊಸ ಮಾಲಿಗೆ ಆರ್ಡರ್ ಕೊಡುವ ಮೊದಲು ವಾಟ್ಸ್‌ಆ್ಯಪ್‌ನಲ್ಲಿ ಲೇಬಲ್ಲಿನ ಫೋಟೊ ಕಳಿಸುತ್ತಾರೆ. ಮೊನ್ನೆ ಬಂದದ್ದರಲ್ಲಿ ವಿಸ್ಕೋಸ್ 50, ಹತ್ತಿ 50 ಎಂದಿತ್ತು. ನಾನು ಉತ್ತರ ಬರೆಯುವ ಮೊದಲೇ ಇನ್ನೊಂದು ಸಂದೇಶ ಬಂತು: 'ಸಮ ಬಂದರ ಕೊನೀದು ಗೆಲ್ಲತೈತಿ, ಹೌದಲ್ರೀ?'

ಹೌದು ಅಣ್ಣಾ, ಕೊನೆಯದೇ.